ಡಬ್ಬಿಯ ಆಟ, ಕೋಟೆಯ ಪಾಠ: ಫೋರ್ಟ್ ಸ್ಟೀವನ್ಸ್ ಉದ್ಯಾನವನ್ನು ಶಾಲೆಯ ಅಂಗಳಕ್ಕೆ ತಂದ ಬಗೆ

ತರಗತಿಯ ಹೊರಗೆ ನಡೆಸುವ ಪಾಠಗಳ ಬಗ್ಗೆ ನಮ್ಮ ಅಭ್ಯಾಸ ಬೋಧನೆಯ ವಿಮರ್ಶಾ ಸಭೆಗಳಲ್ಲಿ ಪ್ರತಿ ವರ್ಷ ಒಂದೇ ಆಕ್ಷೇಪ ಕೇಳಿಬರುತ್ತದೆ. ಮಕ್ಕಳು ಓಡಾಡಿದರು, ಖುಷಿಪಟ್ಟರು, ಸರಿ; ಕಲಿತದ್ದೇನು? ಈ ಪ್ರಶ್ನೆಯನ್ನು ಎದುರಿಟ್ಟುಕೊಂಡು ಈ ಸಾಲಿನಲ್ಲಿ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳೊಂದಿಗೆ ಒಂದು ಪಾಠವನ್ನು ಎರಡು ಸಲ, ಎರಡು ರೀತಿಯಲ್ಲಿ ನಡೆಸಿ ನೋಡಿದೆವು. ಪಾಠದ ಆಧಾರ ಜಿಯೋಕ್ಯಾಶಿಂಗ್ ಎಂಬ ಹುಡುಕಾಟದ ಆಟ. ಪಾಠದ ಸ್ಥಳ ಅಮೆರಿಕದ ಆರೆಗಾನ್ ರಾಜ್ಯದ ಫೋರ್ಟ್ ಸ್ಟೀವನ್ಸ್ ಸ್ಟೇಟ್ ಪಾರ್ಕ್. ಒಂದು ಕಾಲಕ್ಕೆ ಸೈನ್ಯದ ಕೋಟೆಯಾಗಿದ್ದ ಜಾಗ ಅದು. ಈಗ ರಾಜ್ಯ ಸರ್ಕಾರದ ಉದ್ಯಾನ.

ಅಷ್ಟು ದೂರದ ಉದಾಹರಣೆ ಏಕೆ ಎಂದು ಕೇಳಬಹುದು. ಈ ಆಟ ಹುಟ್ಟಿದ್ದೇ ಆರೆಗಾನ್‌ನಲ್ಲಿ. ಆಟಕ್ಕೆ ಬಳಸುವ ಉಪಗ್ರಹ ವ್ಯವಸ್ಥೆ ಮೊದಲು ಸೈನ್ಯದ್ದು, ಆಮೇಲೆ ಎಲ್ಲರಿಗೂ ಸಿಕ್ಕಿತು. ಆಟ ನಡೆಯುವ ಕೋಟೆಯ ಕಥೆಯೂ ಹಾಗೆಯೇ. ಸಾಧನದ ಚರಿತ್ರೆ, ಸ್ಥಳದ ಚರಿತ್ರೆ ಎರಡೂ ಒಂದೇ ದಾರಿಯಲ್ಲಿ ಬಂದಿರುವ ಇಂಥ ಉದಾಹರಣೆ ಪಾಠಕ್ಕೆ ಸುಲಭವಾಗಿ ಸಿಗುವುದಿಲ್ಲ. ಜೊತೆಗೆ, ಮಗಳ ಮನೆಗೆ ಹೋಗಿದ್ದಾಗ ಆ ಉದ್ಯಾನದಲ್ಲಿ ಎರಡು ದಿನ ಮೊಮ್ಮಗನ ಹಿಂದೆ ಅಲೆದಿದ್ದೆನಾದ್ದರಿಂದ ಜಾಗ ಕಣ್ಣಿನಲ್ಲಿತ್ತು.

ಆಟ ಏನು?

ಒಬ್ಬರು ನೀರು ಹೋಗದ ಡಬ್ಬಿಯಲ್ಲಿ ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು, ಜಾಗವಿದ್ದರೆ ಒಂದೆರಡು ಆಟಿಕೆ ಸಾಮಾನು ಇಟ್ಟು ಸಾರ್ವಜನಿಕ ಜಾಗದಲ್ಲಿ ಅಡಗಿಸುತ್ತಾರೆ. ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಬೇರೆಯವರು ಜಿಪಿಎಸ್ ಹಿಡಿದು ಹುಡುಕಿ, ಪುಸ್ತಕದಲ್ಲಿ ಹೆಸರು ಮತ್ತು ತಾರೀಖು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುತ್ತಾರೆ. ಒಳಗಿನ ಸಾಮಾನು ತೆಗೆದುಕೊಂಡರೆ ಅದೇ ಬೆಲೆಯದೊಂದನ್ನು ಇಡಬೇಕು. ತಿಂಡಿ, ಆಯುಧ, ಪಟಾಕಿ ಇಡುವಂತಿಲ್ಲ. ನೆಲ ಅಗೆದು ಹೂಳುವಂತಿಲ್ಲ. ಜಾಗದ ಒಡೆಯರ ಅನುಮತಿ ಬೇಕು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್, ಅಂದರೆ ಮೈಲಿಯ ಹತ್ತನೇ ಒಂದು ಭಾಗ, ಅಂತರವಿರಬೇಕು. ಕಂಡುಹಿಡಿದವರು ಎಲ್ಲಿತ್ತೆಂದು ಉಳಿದವರಿಗೆ ಹೇಳಬಾರದು. ಫೋರ್ಟ್ ಸ್ಟೀವನ್ಸ್‌ನಲ್ಲಿ ನಮಗೆ ಸಿಕ್ಕ ಡಬ್ಬಿಗಳ ಜಾಗವನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆ ಕಟ್ಟಿದ ವ್ಯವಸ್ಥೆ. ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ನಾಗರಿಕರು ಬಳಸಲು ಸಿಕ್ಕಿದ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸಿರುತ್ತಿದ್ದರು. ಹಾಗಾಗಿ ಸಾಮಾನ್ಯರ ಸಾಧನ ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಂತೆ 2000ದ ಮೇ ತಿಂಗಳ ಆರಂಭದಲ್ಲಿ ಆ ದೋಷವನ್ನು ನಿಲ್ಲಿಸಲಾಯಿತು. ರಾತ್ರಿ ಬೆಳಗಾಗುವುದರಲ್ಲಿ ಸಾಧನಗಳ ನಿಖರತೆ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗಾನ್‌ನ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು, ಅದರ ನಿರ್ದೇಶಾಂಕವನ್ನು ಪ್ರಕಟಿಸಿದರು: ಉತ್ತರ 45° 17.460', ಪಶ್ಚಿಮ 122° 24.800'. ಒಳಗೆ ಪುಸ್ತಕ, ಸಾಫ್ಟ್‌ವೇರ್, ಕವಣೆ, ಒಂದು ಡಬ್ಬಿ ಬೀನ್ಸ್ ಇದ್ದವು. ತಿಂಡಿ ಇಡಬಾರದೆಂಬ ನಿಯಮ ಆಮೇಲೆ ಬಂತು. ಪ್ರಾಣಿಗಳು ವಾಸನೆ ಹಿಡಿದು ಡಬ್ಬಿ ಕಚ್ಚುತ್ತವೆ.

ನಮ್ಮ ಮಕ್ಕಳಿಗೆ ಇದನ್ನು ಹೇಳುವಾಗ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ ಸಂಚಾರ ಕೇಂದ್ರವಿದೆ, ನಮ್ಮದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು ಎಂಬುದನ್ನೂ ಸೇರಿಸಬೇಕು. ಬೇರೆಯವರ ಉಪಗ್ರಹವನ್ನೇ ನಂಬಿದರೆ ಅವರು ದೋಷ ಬೆರೆಸಿದಾಗ ನಾವು ದಾರಿ ತಪ್ಪುತ್ತೇವೆ ಎಂಬುದು ಎಂಟನೇ ತರಗತಿಯವರಿಗೂ ತಿಳಿಯುವ ಮಾತು.

ಲೆಕ್ಕದ ಭಾಗ

ಪಾಠಯೋಜನೆ ಬರೆಯುವವರು ಈ ಭಾಗವನ್ನು ತಪ್ಪಿಸಬಾರದು. ಗಣಿತದವರ ಜೊತೆ ಸೇರಿ ಮಾಡಿದರೆ ಇನ್ನೂ ಚೆನ್ನ. ಈ ಆಟದಲ್ಲಿ ನಿರ್ದೇಶಾಂಕವನ್ನು ಅಂಶ ಮತ್ತು ದಶಮಾಂಶ ನಿಮಿಷಗಳಲ್ಲಿ ಬರೆಯುತ್ತಾರೆ. ಫೋನಿನ ನಕ್ಷೆಯಲ್ಲಿ ಸಾಮಾನ್ಯವಾಗಿ ದಶಮಾಂಶ ಅಂಶಗಳಿರುತ್ತವೆ. 17.460ನ್ನು 60ರಿಂದ ಭಾಗಿಸಿದರೆ 0.2910. ಆದ್ದರಿಂದ ಅಲ್ಮರ್ ಅವರ ಬಕೆಟ್ಟಿನ ಅಕ್ಷಾಂಶ 45.2910°. ಭಾಗಿಸದೆ 45.17460° ಎಂದು ಬರೆದುಕೊಂಡ ಮಗು ಸುಮಾರು 13 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ನಿಲ್ಲುತ್ತದೆ. ತಪ್ಪು ಎಷ್ಟು ದೂರದ್ದು ಎಂದು ನಕ್ಷೆಯ ಮೇಲೆ ಅಳೆಸಿದರೆ ಅಂಶ ನಿಮಿಷಗಳ ಸಂಬಂಧ ಮತ್ತೆ ಹೇಳಿಕೊಡಬೇಕಾಗಿಲ್ಲ.

ಅಕ್ಷಾಂಶದ ಒಂದು ನಿಮಿಷ ಎಲ್ಲೇ ಹೋದರೂ ಸುಮಾರು 1.85 ಕಿಲೋಮೀಟರ್. ರೇಖಾಂಶದ ನಿಮಿಷ ಹಾಗಲ್ಲ. ಬೆಂಗಳೂರಿನ ಸುತ್ತ ಅದು ಸುಮಾರು 1.8 ಕಿಲೋಮೀಟರ್, 46° ಉತ್ತರದಲ್ಲಿರುವ ಫೋರ್ಟ್ ಸ್ಟೀವನ್ಸ್‌ನಲ್ಲಿ 1.29 ಕಿಲೋಮೀಟರ್ ಮಾತ್ರ. ರೇಖಾಂಶಗಳು ಧ್ರುವದ ಕಡೆ ಒಂದಕ್ಕೊಂದು ಹತ್ತಿರವಾಗುತ್ತವೆ ಎಂದು ಗೋಳ ತೋರಿಸಿ ಹೇಳುತ್ತೇವಲ್ಲ, ಅದಕ್ಕೆ ಇದು ಮೀಟರಿನ ಸಾಕ್ಷಿ. ನಿಮಿಷದ ಸಾವಿರದ ಒಂದು ಭಾಗ ಬದಲಾದರೆ ಉತ್ತರ ದಕ್ಷಿಣದಲ್ಲಿ ಎರಡು ಹೆಜ್ಜೆಯ ವ್ಯತ್ಯಾಸ. ಒಳ್ಳೆಯ ಫೋನು ಬಯಲಿನಲ್ಲಿ ಐದು ಮೀಟರಿನ ಸುತ್ತಳತೆಯಲ್ಲಿ ತಂದು ಬಿಡುತ್ತದೆ, ಮರದಡಿ ಅಥವಾ ಕಾಂಕ್ರೀಟ್ ಗೋಡೆಯ ಪಕ್ಕ ಅಷ್ಟೂ ಇಲ್ಲ. ಕೊನೆಯ ಐದು ಮೀಟರನ್ನು ಕಣ್ಣಿನಿಂದಲೇ ಹುಡುಕಬೇಕು. ಪಾಠಕ್ಕೆ ಬೇಕಾದ್ದೂ ಆ ಐದು ಮೀಟರೇ.

ಸುಳಿವಿನ ಬಗ್ಗೆ ಒಂದು ಮಾತು. ಈ ಆಟದಲ್ಲಿ ಸುಳಿವನ್ನು ಇಂಗ್ಲಿಷಿನ 26 ಅಕ್ಷರಗಳನ್ನು 13 ಮನೆ ಸರಿಸಿ ಗುಟ್ಟಿನ ಬರಹದಲ್ಲಿ ಕೊಡುತ್ತಾರೆ. ಅರ್ಧದಷ್ಟು ಸರಿಸುವುದರಿಂದ ಬಿಡಿಸುವುದಕ್ಕೂ ಅದೇ ಕೀಲಿ ಸಾಕು. ನಮ್ಮ ಭಾಷಾ ವಿಭಾಗದ ಪ್ರಶಿಕ್ಷಣಾರ್ಥಿಯೊಬ್ಬಳು ಇದನ್ನು ಕನ್ನಡಕ್ಕೆ ತಂದಳು. ವರ್ಗೀಯ 25, ಅವರ್ಗೀಯ 9, ಒಟ್ಟು 34 ವ್ಯಂಜನ, ಅರ್ಧ 17. ಸ್ವರವನ್ನು ಮುಟ್ಟದೆ ವ್ಯಂಜನವನ್ನು ಮಾತ್ರ 17 ಮನೆ ಸರಿಸಿದರೆ ‘ಗೋಡೆ’ ಎಂಬುದು ‘ನೋಶೆ’ ಆಗುತ್ತದೆ, ‘ಕಲ್ಲು’ ‘ದಟ್ಟು’ ಆಗುತ್ತದೆ. ವರ್ಣಮಾಲೆಯನ್ನು ಕ್ರಮವಾಗಿ ಹೇಳಲು ಎಂಟನೇ ತರಗತಿಯಲ್ಲೂ ತಡವರಿಸುವ ಮಕ್ಕಳು ಆ ದಿನ ಬೆರಳು ಮಡಚಿ ಎಣಿಸುತ್ತ ಕೂತಿದ್ದರು.

ಫೋರ್ಟ್ ಸ್ಟೀವನ್ಸ್

ಕೊಲಂಬಿಯಾ ನದಿ ಪೆಸಿಫಿಕ್ ಸಾಗರವನ್ನು ಸೇರುವ ಕಡೆ, ನದಿಯ ದಕ್ಷಿಣ ದಡದಲ್ಲಿ ಈ ಕೋಟೆಯಿದೆ. ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ನದಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ, ಮಣ್ಣಿನ ಕೋಟೆಯಾಗಿ ಕಟ್ಟಲು ಆರಂಭಿಸಿದರು. ಆಚೆ ದಡದ ಕೋಟೆಗಳೂ ಸೇರಿ ನದಿಯ ಬಾಯಿಯನ್ನು ಕಾಯುವುದು ಉದ್ದೇಶ. ಹೆಸರು ಆ ಯುದ್ಧದಲ್ಲಿ 1862ರಲ್ಲಿ ಸತ್ತ ಸೇನಾಧಿಕಾರಿ ಐಸಾಕ್ ಸ್ಟೀವನ್ಸ್ ಅವರದು. ಶತಮಾನ ತಿರುಗುವ ಹೊತ್ತಿಗೆ ಮಣ್ಣಿನ ಜಾಗದಲ್ಲಿ ಕಾಂಕ್ರೀಟಿನ ಫಿರಂಗಿ ಕಟ್ಟೆಗಳು ಬಂದವು. ಇವನ್ನು ಬ್ಯಾಟರಿ ಎನ್ನುತ್ತಾರೆ. ತರಗತಿಯಲ್ಲಿ ಈ ಪದ ಬಳಸುವ ಮೊದಲು ವಿವರಿಸಿ. ನಮ್ಮ ಮಕ್ಕಳಿಗೆ ಬ್ಯಾಟರಿ ಎಂದರೆ ಟಾರ್ಚು, ಇಲ್ಲವೇ ಅದರೊಳಗಿನ ಸೆಲ್ಲು. ಫಿರಂಗಿ ಕಟ್ಟೆ ಎಂದರೆ ಸಾಕು. ಒಳಗೆ ಗುಂಡು ಮದ್ದು ಇಡುತ್ತಿದ್ದ ಕತ್ತಲೆ ಕೋಣೆಗಳಿಗೆ ಶ್ರೀರಂಗಪಟ್ಟಣದವರು ಹೇಳುವ ‘ಮದ್ದಿನ ಮನೆ’ ಎಂಬ ಮಾತೇ ಹೊಂದುತ್ತದೆ.

ಈ ಕಟ್ಟೆಗಳಲ್ಲಿ ಸಮುದ್ರದ ಕಡೆಗಿರುವುದು ಬ್ಯಾಟರಿ ರಸೆಲ್. 1904ರಲ್ಲಿ ಕಟ್ಟಿದ್ದು. ಅಲ್ಲಿ ಹತ್ತು ಇಂಚು ಬಾಯಿಯ ಎರಡು ಫಿರಂಗಿಗಳಿದ್ದವು. ಇವು ಅಡಗುವ ಫಿರಂಗಿಗಳು. ಗುಂಡು ಹಾರಿಸುವಾಗ ಮಾತ್ರ ಮುಂಗೋಡೆಯ ಮೇಲೆ ತಲೆ ಎತ್ತುತ್ತವೆ. ಹಾರಿದ ರಭಸಕ್ಕೆ ಹಿಂದಕ್ಕೂ ಕೆಳಕ್ಕೂ ಕುಸಿದು ಗೋಡೆಯ ಮರೆಗೆ ಬರುತ್ತವೆ. ಅಲ್ಲಿ ಸೈನಿಕರು ಮತ್ತೆ ಗುಂಡು ತುಂಬುತ್ತಾರೆ. ಈಗ ಫಿರಂಗಿ ಇಲ್ಲ, ಕಾಂಕ್ರೀಟು ಇದೆ. ಮೆಟ್ಟಿಲು ಹತ್ತಿ ನಿಂತರೆ ಕಟ್ಟೆಯ ಹಿಂದೆ ಅವು ಕುಳಿತಿದ್ದ ಗುಂಡಿಗಳು ಕಾಣುತ್ತವೆ.

1942ರ ಜೂನ್ 21ರ ರಾತ್ರಿ ಜಪಾನಿನ ಐ-25 ಜಲಾಂತರ್ಗಾಮಿ ನದೀಮುಖದ ಹತ್ತಿರ ಬಂದು ಕೋಟೆಯ ಕಡೆಗೆ 17 ಗುಂಡು ಹಾರಿಸಿತು. ಬೇಸ್‌ಬಾಲ್ ಮೈದಾನದ ತಡೆಬಲೆ, ಟೆಲಿಫೋನ್ ತಂತಿ ಹಾಳಾದವು, ಯಾರೂ ಸಾಯಲಿಲ್ಲ. ಕೋಟೆಯವರು ದೀಪ ಆರಿಸಿ ಸುಮ್ಮನಿದ್ದರು, ಒಂದೂ ಗುಂಡು ಹಾರಿಸಲಿಲ್ಲ. ಅದೇ ಕಡಲತೀರದಲ್ಲಿ ಪೀಟರ್ ಐರ್‌ಡೇಲ್ ಎಂಬ ನಾಲ್ಕು ಪಟಸ್ತಂಭದ ಉಕ್ಕಿನ ಹಡಗಿನ ಅಸ್ಥಿಪಂಜರ ನಿಂತಿದೆ. 1906ರ ಅಕ್ಟೋಬರ್ 25ರಂದು ಮರಳಿಗೆ ಸಿಕ್ಕಿಕೊಂಡದ್ದು. ಯುದ್ಧದ ಸಮಯದಲ್ಲಿ ಕಡಲತೀರದಲ್ಲಿ ಮುಳ್ಳುತಂತಿ ಹಾಕಿದಾಗ ಈ ಹಡಗಿನ ನಡುವೆಯೂ ತಂತಿ ಎಳೆದಿದ್ದರು. ಸೈನ್ಯ 1947ರಲ್ಲಿ ಕೋಟೆಯನ್ನು ಬಿಟ್ಟಿತು. ಈಗ ಅಲ್ಲಿ ಡೇರೆ ಹಾಕುವವರು, ಸೈಕಲ್ಲಿನವರು, ಮಕ್ಕಳು, ಮತ್ತು ಡಬ್ಬಿ ಹುಡುಕುವವರು.

ಡಬ್ಬಿಯ ವಿಷಯದಲ್ಲೂ ಸೈನ್ಯದ ಗುರುತು ಹೋಗಿಲ್ಲ. ಅಮೆರಿಕದ ಆಟಗಾರರಿಗೆ ಅತಿ ಇಷ್ಟದ ಡಬ್ಬಿ ಸೈನ್ಯ ಮಾರಿಬಿಟ್ಟ ಹಳೆಯ ತೋಟಾ ಪೆಟ್ಟಿಗೆ. ರಬ್ಬರಿನ ಅಂಚಿರುವುದರಿಂದ ಮಳೆಗೆ ಜಗ್ಗುವುದಿಲ್ಲ. ಮೇಲಿನ ಸೈನ್ಯದ ಬರಹವನ್ನು ಅಳಿಸಿ, ಇದು ಆಟದ ಡಬ್ಬಿ ಎಂದು ಬರೆಯಬೇಕು. ಇಲ್ಲದಿದ್ದರೆ ಗೊತ್ತಿಲ್ಲದವರು ಪೊಲೀಸರನ್ನು ಕರೆಯುತ್ತಾರೆ.

ನಾವು ಹುಡುಕುತ್ತಿದ್ದಾಗ ಒಂದು ಸಂಗತಿ ಗಮನಕ್ಕೆ ಬಂತು. ಮೊಮ್ಮಗ ಫೋನಿನ ಬಾಣವನ್ನೇ ನೋಡುತ್ತ ಬ್ಯಾಟರಿಯ ಗೋಡೆಯನ್ನು ದಾಟಿ ನಡೆದುಬಿಟ್ಟ. “ಅಜ್ಜಿ, ಇನ್ನು ಹನ್ನೆರಡೇ ಮೀಟರ್, ಬೇಗ ಬನ್ನಿ” ಎನ್ನುವುದೇ ಅವನ ಧ್ಯಾನ. ಇನ್ನೊಂದು ಕಡೆ ಡಬ್ಬಿಯೇ ಇಲ್ಲದ ಬಗೆಯದೊಂದಿತ್ತು. ಅಲ್ಲಿ ನಿಂತು, ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಕಳಿಸಬೇಕು. ಅಲ್ಲಿ ಅವನು ಕಾಲು ಗಂಟೆ ನಿಂತ. ಹುಡುಗ ಅವನೇ, ಕೋಟೆ ಅದೇ. ಬೇರೆಯಾಗಿದ್ದದ್ದು ಪ್ರಶ್ನೆ.

ಮೊದಲ ಸಲ

ಅಭ್ಯಾಸ ಶಾಲೆಯ ಎಂಟನೇ ತರಗತಿಯಲ್ಲಿ ಅಕ್ಷಾಂಶ ರೇಖಾಂಶ ಮುಗಿದಿತ್ತು. ನಮ್ಮ ಪ್ರಶಿಕ್ಷಣಾರ್ಥಿಗಳು ಶಾಲೆಯ ಅಂಗಳವನ್ನೇ ಉದ್ಯಾನ ಮಾಡಿದರು. ದಿಕ್ಕುಗಳನ್ನು ಹಾಗೆಯೇ ಉಳಿಸಿ ದೂರವನ್ನು ಕುಗ್ಗಿಸಿ ಐದು ನಿಲ್ದಾಣ: ಬಿಸಿಯೂಟದ ಕೋಣೆಯ ಹಿಂದೆ ಹಳೆಯ ಮಣ್ಣಿನ ಕೋಟೆ, ಧ್ವಜಸ್ತಂಭದ ಕಟ್ಟೆ ಬ್ಯಾಟರಿ ರಸೆಲ್, ನಲ್ಲಿಯ ಹತ್ತಿರ ಮುರಿದ ಹಡಗು, ಹೊಂಗೆ ಮರದಡಿ 1942ರ ಗುಂಡು ಬಿದ್ದ ಜಾಗ, ಗೇಟಿನ ಬಳಿ ಆ ನೆಲದ ಮೂಲನಿವಾಸಿಗಳಾದ ಕ್ಲಾಟ್ಸಪ್ ಜನರ ಉದ್ದಮನೆ. ಪ್ರತಿ ಕಡೆ ಒಂದು ಲಕೋಟೆ, ಒಳಗೆ ಚಿತ್ರ, ಹತ್ತು ಸಾಲಿನ ವಿವರಣೆ, ಒಂದು ಪ್ರಶ್ನೆ. ದಿಕ್ಸೂಚಿ ಹಿಡಿದು ಹೆಜ್ಜೆ ಎಣಿಸಿ ಹೋಗಬೇಕು. ಉತ್ತರಗಳೆಲ್ಲ ಅಂಕೆಗಳು. ಹಡಗು ಸಿಕ್ಕಿಕೊಂಡ ವರ್ಷದ ಕೊನೆಯ ಅಂಕೆ, ಹಾರಿದ ಗುಂಡುಗಳ ಸಂಖ್ಯೆಯ ಕೊನೆಯ ಅಂಕೆ, ಹೀಗೆ ಐದನ್ನೂ ಜೋಡಿಸಿದರೆ ಕೊನೆಯ ಡಬ್ಬಿಯ ನಿರ್ದೇಶಾಂಕ ಬರುತ್ತದೆ. ನಿಜವಾದ ಆಟದಲ್ಲೂ ಇಂಥ ಬಹುಹಂತದ ಹುಡುಕಾಟಗಳಿವೆ. ಯೋಜನೆ ಅಚ್ಚುಕಟ್ಟಾಗಿತ್ತು, ಕಲಿಕೋಪಕರಣ ಚೆನ್ನಾಗಿತ್ತು, ವೀಕ್ಷಕರು ಒಳ್ಳೆಯ ಅಂಕ ಕೊಟ್ಟರು.

ಮೊದಲ ಗುಂಪು ಹನ್ನೆರಡು ನಿಮಿಷಕ್ಕೆ ಡಬ್ಬಿ ಹಿಡಿಯಿತು. ಹತ್ತು ಸಾಲಿನ ವಿವರಣೆಯನ್ನು ಯಾರೂ ಓದಿರಲಿಲ್ಲ. ಅಂಕೆ ಎಲ್ಲಿದೆ ಎಂದು ಕಣ್ಣಾಡಿಸಿ ಬರೆದುಕೊಂಡು ಓಡಿದ್ದರು. ಮೌಲ್ಯಮಾಪನದ ಹಂತದಲ್ಲಿ ಪ್ರಶಿಕ್ಷಣಾರ್ಥಿ, ಕೋಟೆಯನ್ನು ಅಲ್ಲೇ ಏಕೆ ಕಟ್ಟಿದರು ಎಂದು ಕೇಳಿದಾಗ ತರಗತಿ ಮೌನ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, “ಮಿಸ್, ಇನಾಮು ಯಾವಾಗ ಕೊಡ್ತೀರ?” ಎಂದ. ಅವನ ಪ್ರಶ್ನೆ ಪಾಠಕ್ಕೆ ಸರಿಯಾಗಿಯೇ ಇತ್ತು. 1906 ಎಂಬ ವರ್ಷ 6 ಎಂಬ ಅಂಕೆಯಾದ ಮೇಲೆ ಅದರಲ್ಲಿ ಹಡಗು ಉಳಿಯುವುದಿಲ್ಲ, ಸಮುದ್ರವೂ ಉಳಿಯುವುದಿಲ್ಲ.

ಎರಡನೇ ಸಲ

ಒಂದು ವಾರದ ನಂತರ ಇನ್ನೊಂದು ವಿಭಾಗಕ್ಕೆ ಅದೇ ಪಾಠ. ಮೂರು ಬದಲಾವಣೆ ಮಾಡಿದೆವು. ಗುಂಪುಗಳು ಬೇರೆ ಬೇರೆ ನಿಲ್ದಾಣದಿಂದ ಆರಂಭಿಸಿದವು, ಹಾಗಾಗಿ ಯಾರು ಮೊದಲು ಎಂಬ ಮಾತಿಲ್ಲ. ವಿವರಣೆ ತೆಗೆದು ಚಿತ್ರ, ನಕ್ಷೆಯ ತುಂಡು, ಒಂದೇ ಸಾಲಿನ ಶೀರ್ಷಿಕೆ ಇಟ್ಟೆವು. ಪ್ರಶ್ನೆಯ ಉತ್ತರ ಅದೇ ಲಕೋಟೆಯಲ್ಲಿ ಬರೆದಿರಬಾರದು; ನೋಡಿ, ಇನ್ನೊಂದು ನಿಲ್ದಾಣಕ್ಕೆ ಹೋಲಿಸಿ, ಯೋಚಿಸಿಯೇ ಬರಬೇಕು.

ಬ್ಯಾಟರಿ ರಸೆಲ್‌ನ ನಿಲ್ದಾಣದಲ್ಲಿ ಅಡಗುವ ಫಿರಂಗಿಯ ಪಕ್ಕನೋಟದ ರೇಖಾಚಿತ್ರವಿತ್ತು. ಪ್ರಶ್ನೆ: ಈ ಫಿರಂಗಿ ಯಾರ ಕಣ್ಣಿಗೆ ಬೀಳುವುದಿಲ್ಲ, ಯಾರ ಕಣ್ಣಿಗೆ ಬೀಳುತ್ತದೆ? ಮೊದಲ ಭಾಗಕ್ಕೆ ಎಲ್ಲರೂ ಹಡಗಿನವರು ಎಂದರು. ಎರಡನೆಯದಕ್ಕೆ ಹಿಂದಿನಿಂದ ಬರುವವರು ಎಂದು ಕೆಲವರು. ಒಂದು ಗುಂಪಿನ ಹುಡುಗಿ ಧ್ವಜಸ್ತಂಭದ ಕಟ್ಟೆಯ ಮೇಲೆ ಹತ್ತಿ, ಕೆಳಗೆ ಕೂತ ಗೆಳತಿಯರನ್ನು ನೋಡಿ, “ಮೇಲಿಂದ ನೋಡಿದ್ರೆ ಎಲ್ಲಾ ಕಾಣುತ್ತಲ್ಲ ಮಿಸ್!” ಎಂದಳು. ಪ್ರಶಿಕ್ಷಣಾರ್ಥಿ ಇಲ್ಲಿ ವಿವರಣೆಗೆ ಇಳಿಯಲಿಲ್ಲ. ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದಳು, ಅಷ್ಟೆ: ರೈಟ್ ಸಹೋದರರ ವಿಮಾನ, ಡಿಸೆಂಬರ್ 1903. ಬ್ಯಾಟರಿ ರಸೆಲ್, 1904. ಉಳಿದದ್ದನ್ನು ಮಕ್ಕಳೇ ಆಡಿಕೊಂಡರು. ಸಮುದ್ರದಿಂದ ಅಡಗಲು ಅಷ್ಟು ದಪ್ಪ ಗೋಡೆ ಎದ್ದ ಹೊತ್ತಿಗೇ ಆಕಾಶದಿಂದ ನೋಡುವ ಕಣ್ಣೂ ಹುಟ್ಟಿಯಾಗಿತ್ತು. ಇಂದು ಫೋನಿನ ಉಪಗ್ರಹ ಚಿತ್ರದಲ್ಲಿ ಆ ಕಟ್ಟೆ ಕಾಣುತ್ತದೆ ಎಂದು ತೋರಿಸಿದಾಗ, ಮಕ್ಕಳು ಜಿಪಿಎಸ್ ಪಾಠಕ್ಕೆ ತಾವಾಗಿಯೇ ಹಿಂತಿರುಗಿದರು.

1942ರ ರಾತ್ರಿಯ ನಿಲ್ದಾಣದ ಬಗ್ಗೆ ನಮ್ಮಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಒಬ್ಬ ಪ್ರಶಿಕ್ಷಣಾರ್ಥಿ ಅದನ್ನು ಏಕಪಾತ್ರಾಭಿನಯ ಮಾಡಿ, ಗುಂಡಿನ ಸದ್ದು, ಸೈರನ್, ಓಟ ಎಲ್ಲ ಸೇರಿಸಬೇಕೆಂದ. “ಮೇಡಂ, ಯುದ್ಧದ ಕಥೇಲಿ ಯುದ್ಧಾನೇ ಇಲ್ಲದಿದ್ರೆ ಮಕ್ಕಳು ಕೇಳ್ತಾರಾ?” ಎಂಬುದು ಅವನ ವಾದ. ನನ್ನ ಅಭಿಪ್ರಾಯ ಬೇರೆ. ಆ ರಾತ್ರಿಯ ವಿಶೇಷವೇ ಕೋಟೆ ಗುಂಡು ಹಾರಿಸಲಿಲ್ಲ ಎಂಬುದು. ಸುಮಾರು ಎಂಟು ದಶಕ ಕಾಯ್ದ ಶತ್ರು ಕೊನೆಗೂ ಬಂದಾಗ ಸುಮ್ಮನಿದ್ದದ್ದೇಕೆ? ಎರಡು ಕಾರಣ ಹೇಳುತ್ತಾರೆ. ಹಾರಿಸಿದರೆ ಬೆಂಕಿಯ ಹೊಳಪಿನಿಂದ ಫಿರಂಗಿಗಳ ಜಾಗ ಗೊತ್ತಾಗುತ್ತದೆ ಎಂಬುದು ಒಂದು. ಜಲಾಂತರ್ಗಾಮಿ ಹಳೆಯ ಫಿರಂಗಿಗಳ ಅಳತೆಗೆ ಸಿಗುವುದಿಲ್ಲ ಎಂದು ಲೆಕ್ಕ ಹಾಕಿದ್ದರು ಎಂಬುದು ಇನ್ನೊಂದು.

ಲಕೋಟೆಯಲ್ಲಿ ಎರಡನ್ನೂ ಬರೆದು, ಯಾವುದು ಸರಿ ಎಂದು ಕೇಳದೆ ಹೀಗೆ ಕೇಳಿದೆವು: ಮೊದಲನೆಯದನ್ನು ಪರೀಕ್ಷಿಸಲು ನಿಮಗೆ ಯಾವ ಕಾಗದ ಬೇಕು? ಎರಡನೆಯದಕ್ಕೆ ಯಾವುದು ಬೇಕು? ಒಂದು ಗುಂಪು ಆ ರಾತ್ರಿ ಅಧಿಕಾರಿ ಕೊಟ್ಟ ಆದೇಶದ ಪುಸ್ತಕ ಬೇಕೆಂದಿತು. ಇನ್ನೊಂದು, ಫಿರಂಗಿ ಎಷ್ಟು ದೂರ ಹೊಡೆಯುತ್ತದೆ ಮತ್ತು ಹಡಗು ಎಷ್ಟು ದೂರವಿತ್ತು ಎಂಬ ಎರಡೂ ಲೆಕ್ಕ ಬೇಕೆಂದಿತು. ಕತ್ತಲಲ್ಲಿ ದೂರವನ್ನು ಅಳೆದವರು ಯಾರು ಎಂದೂ ಕೇಳಿತು. ಮೂರನೆಯ ಗುಂಪು, ಎರಡೂ ನಿಜವಿರಬಾರದೇಕೆ ಎಂದಿತು. ಆಧಾರ ಎಂದರೇನು ಎಂಬ ಘಟಕಕ್ಕೆ ನಾವು ಬರೆಯುವ ಪೀಠಿಕೆಗಳಲ್ಲಿ ಇಷ್ಟು ಕೆಲಸ ಆದದ್ದನ್ನು ನಾನು ನೋಡಿಲ್ಲ. ಅಭಿನಯ ಬೇಕೆಂದ ಪ್ರಶಿಕ್ಷಣಾರ್ಥಿ ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ. ಸದ್ದಿನಿಂದ ಶುರು ಮಾಡಿ ಮೌನಕ್ಕೆ ಬರಬಹುದಿತ್ತು ಎನ್ನುತ್ತಾನೆ. ಅವನ ಮುಂದಿನ ಪಾಠದಲ್ಲಿ ಮಾಡಿ ತೋರಿಸಲಿ.

ಹಡಗಿನ ನಿಲ್ದಾಣವನ್ನು ಬೇಗ ಮುಗಿಸಬಹುದು. ಮುರಿದ ಹಡಗಿಗೆ ಮುಳ್ಳುತಂತಿ ಏಕೆ ಎಂಬ ಪ್ರಶ್ನೆಗೆ ಮಕ್ಕಳು ಸಲೀಸಾಗಿ ಉತ್ತರಿಸಿದರು. ಅದನ್ನು ಮೊದಲ ನಿಲ್ದಾಣವಾಗಿ ಇಡುವುದು ಒಳ್ಳೆಯದು.

ಕ್ಲಾಟ್ಸಪ್ ಜನರ ನಿಲ್ದಾಣದಲ್ಲಿ ಎರಡೇ ಇಸವಿ ಕೊಟ್ಟಿದ್ದೆವು. 1851ರಲ್ಲಿ ಹತ್ತಿರದ ಟ್ಯಾನ್ಸಿ ಪಾಯಿಂಟ್‌ನಲ್ಲಿ ಅವರ ಜೊತೆ ಒಪ್ಪಂದಕ್ಕೆ ಸಹಿಯಾಯಿತು, ಅಮೆರಿಕದ ಸೆನೆಟ್ ಅದನ್ನು ಅಂಗೀಕರಿಸಲೇ ಇಲ್ಲ. 1863ರಲ್ಲಿ ಕೋಟೆಯ ಕೆಲಸ ಆರಂಭವಾಯಿತು. ಪ್ರಶ್ನೆ: ಕೋಟೆ ಕಟ್ಟುವಾಗ ಈ ನೆಲ ಯಾರದು? ವೀಕ್ಷಣೆಗೆ ಬಂದಿದ್ದ ಸಹೋದ್ಯೋಗಿಯೊಬ್ಬರು ಇದು ಪಾಠದ ಉದ್ದೇಶದಿಂದ ಆಚೆ ಹೋಯಿತು ಎಂದು ಬರೆದರು. ನಾನು ಒಪ್ಪುವುದಿಲ್ಲ. ಸೈನ್ಯದ ಚರಿತ್ರೆಯುಳ್ಳ ಜಾಗವನ್ನು ಕಲಿಸುವಾಗ ಚರಿತ್ರೆ ಸೈನ್ಯ ಬಂದ ದಿನದಿಂದ ಶುರುವಾಗುತ್ತದೆ ಎಂಬ ಭಾವನೆ ಮಕ್ಕಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಕಾಣುವುದೆಲ್ಲ ಕಾಂಕ್ರೀಟಾದ್ದರಿಂದ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ತಡೆಯಲು ಒಂದು ನಿಲ್ದಾಣ ಹೆಚ್ಚೇನಲ್ಲ. ಒಂದು ಗುಂಪಿನ ಉತ್ತರ “ಸಹಿ ಹಾಕಿದವರದು” ಎಂದಿತ್ತು. ಯಾರು ಸಹಿ ಹಾಕಿದವರು ಎಂದು ಕೇಳಿದಾಗ, “ಇಬ್ಬರೂ ಹಾಕಿದ್ರು, ಆದ್ರೆ ಒಬ್ಬರು ಮಾತ್ರ ನಂಬಿದ್ರು” ಎಂದರು.

ಹೊರಗೆ ಮಾಡುವವರಿಗೆ

ಇದನ್ನು ಓದಿದ ಮೇಲೆ ಯಾರಾದರೂ ಹತ್ತಿರದ ಕೋಟೆಯಲ್ಲಿ ನಿಜವಾದ ಡಬ್ಬಿ ಅಡಗಿಸಲು ಹೊರಡಬಹುದು, ಅದು ಬೇಡ. ರಕ್ಷಿತ ಸ್ಮಾರಕದಲ್ಲಿ ಕಲ್ಲಿನ ಸಂದಿಗೆ ಏನನ್ನೂ ತುರುಕಬಾರದು. ವಾರಸುದಾರರಿಲ್ಲದ ಡಬ್ಬಿ ಕಂಡರೆ ನಮ್ಮ ಊರುಗಳಲ್ಲಿ ಬಾಂಬು ಎಂಬ ಗುಲ್ಲೇಳಲು ಐದು ನಿಮಿಷ ಸಾಕು. ಅಮೆರಿಕದಲ್ಲೂ ಕೇಂದ್ರ ಸರ್ಕಾರದ ರಾಷ್ಟ್ರೀಯ ಉದ್ಯಾನಗಳಲ್ಲಿ ಡಬ್ಬಿ ಇಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಡಬ್ಬಿ ಇಲ್ಲದ, ಪ್ರಶ್ನೆ ಮಾತ್ರ ಇರುವ ಬಗೆ ಅಲ್ಲಿ ನಡೆಯುತ್ತದೆ. ನಾವು ಅದನ್ನೇ ಹಿಡಿಯೋಣ. ನೆಲ ಅಗೆಯುವುದಂತೂ ಎಲ್ಲೂ ಸಲ್ಲ. ಕ್ಯಾಲಿಫೋರ್ನಿಯಾದ ಫೋರ್ಟ್ ಆರ್ಡ್‌ನಂಥ ಹಳೆಯ ಸೇನಾ ತರಬೇತಿ ನೆಲಗಳಲ್ಲಿ ಸಿಡಿಯದ ಮದ್ದುಗುಂಡು ಮಣ್ಣಿನಲ್ಲಿ ಉಳಿದಿರುವುದರಿಂದ ದಾರಿ ಬಿಟ್ಟು ಹೋಗಬೇಡಿ ಎಂಬ ಸೂಚನೆ ಇರುತ್ತದೆ. ಕೋಟೆ ಯಾವುದೇ ಇರಲಿ, ಶಿಕ್ಷಕರು ಮೊದಲು ತಾವೊಬ್ಬರೇ ಹೋಗಿ ನಡೆದು ನೋಡಬೇಕು. ಕೈಪಿಡಿ ಇಲ್ಲದ ಎತ್ತರ, ಕತ್ತಲೆ ಕೋಣೆ, ಜಾರುವ ಮೆಟ್ಟಿಲು ಇದ್ದರೆ ಅಲ್ಲಿ ನಿಲ್ದಾಣ ಇಡಬಾರದು.

ಫೋನು ಗುಂಪಿಗೊಂದು ಬೇಕಿಲ್ಲ. ಶಿಕ್ಷಕರ ಒಂದೇ ಫೋನಿನಲ್ಲಿ ಮೊದಲೇ ನಿರ್ದೇಶಾಂಕ ಗುರುತು ಮಾಡಿಕೊಂಡು, ಮಕ್ಕಳಿಗೆ ದಿಕ್ಸೂಚಿ ಮತ್ತು ಹೆಜ್ಜೆಯ ಅಳತೆ ಕೊಟ್ಟರೆ ಸಾಕು. ಪ್ರತಿ ಮಗು ತನ್ನ ಹತ್ತು ಹೆಜ್ಜೆ ಎಷ್ಟು ಮೀಟರ್ ಎಂದು ಮುಂಚೆಯೇ ಅಳೆದುಕೊಂಡಿರಲಿ. ಸಮಯ: ಅಂಗಳದಲ್ಲಿ ಮಾಡಿದರೂ ಒಂದು ಅವಧಿ ಸಾಲದು, ಜೋಡಿ ಅವಧಿ ಕೇಳಿಕೊಳ್ಳಿ. ಮೌಲ್ಯಮಾಪನಕ್ಕೆ ನಾವು ಪ್ರಶ್ನೆಪತ್ರಿಕೆ ಕೊಡಲಿಲ್ಲ. ಪ್ರತಿ ಗುಂಪೂ ತನಗೆ ಇಷ್ಟವಾದ ಒಂದು ನಿಲ್ದಾಣಕ್ಕೆ ಹೊಸ ಪ್ರಶ್ನೆ ಬರೆಯಬೇಕು; ಅದರ ಉತ್ತರ ಅಲ್ಲಿ ನಿಂತು ನೋಡಿದವರಿಗೆ ಮಾತ್ರ ಸಿಗಬೇಕು. ಮೊದಲ ವಿಭಾಗದವರಿಗೂ ಇದೇ ಕೆಲಸ ಕೊಟ್ಟಿದ್ದೆವು. ಅವರು ಬರೆದದ್ದು ಹೆಚ್ಚಾಗಿ ‘ಯಾವ ವರ್ಷ’, ‘ಎಷ್ಟು’ ಎಂಬ ಪ್ರಶ್ನೆಗಳು. ಎರಡನೇ ವಿಭಾಗದ ಹಾಳೆಗಳಲ್ಲಿ ‘ಯಾರಿಗೆ ಕಾಣುತ್ತದೆ’, ‘ಮೊದಲು ಏನಿತ್ತು’, ‘ಹೇಗೆ ಗೊತ್ತು’ ಎಂಬವು ಬಂದಿವೆ. ಒಂದು ಹಾಳೆಯಲ್ಲಿ “ಈ ಕೋಟೆಯ ಫಿರಂಗಿ ಎಲ್ಲಿ ಹೋಯಿತು?” ಎಂದಿದೆ, ಅದಕ್ಕೆ ಅಂಗಳದಲ್ಲಿ ನಿಂತರೂ ಉತ್ತರ ಸಿಗುವುದಿಲ್ಲ, ಆದರೆ ಖಾಲಿ ಗುಂಡಿಯ ಚಿತ್ರವನ್ನು ನೋಡದವರು ಆ ಪ್ರಶ್ನೆ ಕೇಳುವುದೂ
ಇಲ್ಲ.

ಎರಡೂ ಸಲದ ಪಾಠಯೋಜನೆ, ಲಕೋಟೆಗಳು, ಕನ್ನಡ ಗುಟ್ಟುಬರಹದ ಪಟ್ಟಿ ಸಮಾಜ ವಿಜ್ಞಾನ ಸಂಪನ್ಮೂಲ ಕೊಠಡಿಯ ಕಪಾಟಿನಲ್ಲಿವೆ. ಮುಂದಿನ ಸಾಲಿನ ಪ್ರಶಿಕ್ಷಣಾರ್ಥಿಗಳು ಒಯ್ಯಬಹುದು. ಬ್ಯಾಟರಿ ರಸೆಲ್‌ನ ರೇಖಾಚಿತ್ರದ ಪ್ರತಿ ಒಂದೇ ಇದೆ, ಜೆರಾಕ್ಸ್ ಮಾಡಿಸಿಕೊಂಡು ಮೂಲವನ್ನು ಅಲ್ಲೇ ಇಡಿ.